ತಾಸು ಕಡಿಮೆ ಮಾಡಿ, ವಾಹಿನಿ ಉಳಿಸಿ ಎಂದ ಮೆಹರುನ್ನಿಸಾ

ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಕಲಬುರಗಿಯ ಸರ್ಕಾರಿ ಬಾನುಲಿಯ ಸ್ಟುಡಿಯೊದಲ್ಲಿ ಮೆಹರುನ್ನಿಸಾ ಗಾಜಿನ ಬಳೆಗಳನ್ನು ಒಂದೊಂದಾಗಿ ತೆಗೆದು ಮೇಜಿನ ಖಾನೆಯಲ್ಲಿಡುತ್ತಾರೆ. ಮೈಕಿನ ಮುಂದೆ ಅವು ಸದ್ದು ಮಾಡಬಾರದು. ಒಂದು ಲೋಟ ಬಿಸಿನೀರು ಕುಡಿದು, ಹಾಳೆಗಳನ್ನು ಜೋಡಿಸಿಕೊಳ್ಳುತ್ತಾರೆ. ಆರಕ್ಕೆ ಸರಿಯಾಗಿ ಕೆಂಪು ದೀಪ ಹತ್ತುತ್ತದೆ. ಹವಾಮಾನ, ಆರೋಗ್ಯ ಶಿಬಿರಗಳ ದಿನಾಂಕ, ಆಮೇಲೆ ಪೇಟೆಯ ಧಾರಣೆ. ತೊಗರಿ, ಕಡಲೆ, ಬಾಳೆ. ಪ್ರತಿ ದರವನ್ನೂ ಅವರು ಎರಡೆರಡು ಸಲ ಓದುತ್ತಾರೆ.

ಮೆಹರುನ್ನಿಸಾಗೆ ನಲವತ್ತೇಳು ವರ್ಷ. ಕೋಟನೂರಿನಲ್ಲಿ ಮನೆ. ಮನೆಯಲ್ಲಿ ದಖನಿ ಉರ್ದು, ಓದಿದ್ದು ಕನ್ನಡ ಶಾಲೆಯಲ್ಲಿ. ಪತಿ ಖಾಜಾ ಕಪನೂರಿನ ವರ್ಕ್‌ಶಾಪೊಂದರಲ್ಲಿ ವೆಲ್ಡಿಂಗ್ ಮಾಡುತ್ತಾರೆ. ಅಷ್ಟು ನಸುಕಿನಲ್ಲಿ ಸಿಟಿ ಬಸ್ಸು ಇಲ್ಲದ ಕಾರಣ ಹೆಂಡತಿಯನ್ನು ಸ್ಕೂಟರಿನಲ್ಲಿ ತಂದು ಬಿಡುವವರು ಅವರೇ. ಹತ್ತೊಂಬತ್ತು ವರ್ಷಗಳಿಂದ ಮೆಹರುನ್ನಿಸಾ ಇಲ್ಲಿ ತಾತ್ಕಾಲಿಕ ಉದ್ಘೋಷಕಿ. ತಿಂಗಳಿಗೆ ಆರೇ ದಿನ ಕೆಲಸ. ಉಳಿದ ದಿನ ಮನೆಯಲ್ಲಿ ಓಣಿಯ ಮಕ್ಕಳಿಗೆ ಕನ್ನಡ, ಗಣಿತ ಹೇಳಿಕೊಡುತ್ತಾರೆ.

ಕಳೆದ ವರ್ಷ ಶ್ರಾವಣದಲ್ಲಿ ಮೇಲಿನಿಂದ ಒಂದು ಸುತ್ತೋಲೆ ಬರುತ್ತದೆ. ಅನುದಾನ ಕಡಿತವಾಗಿದೆ, ಎರಡು ವಾಹಿನಿ ನಡೆಸಲು ಆಗುವುದಿಲ್ಲ. ಸ್ಥಳೀಯ ಕಾರ್ಯಕ್ರಮಗಳು ಬರುವ ಹಳೆಯ ಮೀಡಿಯಂ ವೇವ್ ವಾಹಿನಿಗೆ ವಿದ್ಯುತ್ ಹೆಚ್ಚು ಬೇಕು, ಕೇಳುವವರೂ ಇಲ್ಲ. ಆದ್ದರಿಂದ ಅದನ್ನು ಮುಚ್ಚಿ, ಸಿನಿಮಾ ಹಾಡಿನ ಎಫ್‌ಎಂ ವಾಹಿನಿಯಲ್ಲೇ ಸ್ಥಳೀಯ ಕಾರ್ಯಕ್ರಮಕ್ಕೆ ಅರ್ಧ ತಾಸು ಕೊಡುವುದು. ಆಕ್ಷೇಪಣೆ ಇದ್ದರೆ ಮೂರು ವಾರದಲ್ಲಿ ತಿಳಿಸಬೇಕು.

ಬಾನುಲಿ ಕೇಂದ್ರದ ಸಿಬ್ಬಂದಿ ಸೇರಿ ವಾಹಿನಿ ಮುಚ್ಚಬೇಡಿ ಎಂದು ಮನವಿ ಬರೆಯುತ್ತಾರೆ. ಮೆಹರುನ್ನಿಸಾ ಅದಕ್ಕೆ ಸಹಿ ಹಾಕುತ್ತಾರೆ. ಮರುದಿನ ಒಂದು ಪುಟ್ಟ ರೇಡಿಯೊ, ಒಂದು ನೋಟ್‌ಬುಕ್ ಚೀಲದಲ್ಲಿ ಹಾಕಿಕೊಂಡು ಕಮಲಾಪುರದ ಬಸ್ಸು ಹತ್ತುತ್ತಾರೆ.

“ನನಗ ಯಾರೂ ಹೋಗು ಅಂದಿಲ್ರಿ,” ಎನ್ನುತ್ತಾರೆ ಅವರು. “ಕೇಳೋರಿಲ್ಲ ಅಂತ ಬರದಿದ್ರು. ಅಷ್ಟ್ ಬರೀಬೇಕಂದ್ರ ಮೊದಲ ಹೋಗಿ ಮಂದೀನ ಕೇಳ್ಬೇಕಲ್ರಿ? ಅವರೂ ಕೇಳಿದ್ದಿಲ್ಲ, ಹತ್ತೊಂಬತ್ತು ವರ್ಷದಾಗ ನಾನೂ ಕೇಳಿದ್ದಿಲ್ಲ.”

ಒಂಬತ್ತು ದಿನ ಅಡ್ಡಾಡಿ ಅವರು ಕಮಲಾಪುರ ಮತ್ತು ಸುತ್ತಲಿನ ಆರು ಹಳ್ಳಿ ನೋಡುತ್ತಾರೆ. ಒಟ್ಟು ನೂರ ಹನ್ನೆರಡು ಮನೆಗಳಿಗೆ ಹೋಗುತ್ತಾರೆ. ಅವುಗಳಲ್ಲಿ ರೇಡಿಯೊ ಇದ್ದದ್ದು ಮೂವತ್ತೇಳರಲ್ಲಿ. ತಾವು ಒಯ್ದ ರೇಡಿಯೊವನ್ನು ಆ ಮೂವತ್ತೇಳು ಅಂಗಳಗಳಲ್ಲೂ ತಿರುಗಿಸಿ ನೋಡುತ್ತಾರೆ. ಮೀಡಿಯಂ ವೇವ್ ಎಲ್ಲ ಕಡೆ ಬರುತ್ತದೆ. ಎಫ್‌ಎಂ ಸ್ವಚ್ಛವಾಗಿ ಕೇಳಿಸಿದ್ದು ಒಂಬತ್ತು ಕಡೆ ಮಾತ್ರ. ದಿಬ್ಬದ ಮರೆಯ ಊರುಗಳಲ್ಲಿ ಬರೀ ಕರಕರ ಸದ್ದು.

ಕಮಲಾಪುರದ ಅಂಬಮ್ಮ ಅರ್ಧ ಎಕರೆಯಲ್ಲಿ ಕೆಂಪು ಬಾಳೆ ಬೆಳೆಯುವ ಹೆಂಗಸು. ಬಂದವರು ಯಾರೆಂದು ದನಿಯಿಂದಲೇ ಗುರುತಿಸಿದ ಆಕೆ ಮೊದಲು ಆಡಿದ್ದು ತಕರಾರಿನ ಮಾತು. “ಬಾಯಾರ, ರೇಟ ಒಂದೇ ಸಲ ಓದ್ತೀರಿ. ನಾ ಕೈ ಒರಸ್ಕೊಂಡು ರೇಡಿಯೊ ಹಂತೇಕ ಬರೂದ್ರಾಗ ನೀವು ಮುಂದ ಹೋಗಿರ್ತೀರಿ. ಎರಡ್ ಸಲ ಹೇಳ್ಲಾಕ ಏನಾಗ್ತದ?”

ಫೋನ್ ಇಲ್ಲವೇ ಎಂದು ಮೆಹರುನ್ನಿಸಾ ಕೇಳುತ್ತಾರೆ.

“ಅದ ರೀ. ಮಗಳು ಕಾಲೇಜಿಗಿ ಒಯ್ತಾಳ. ಬಾಳಿ ಖರೀದಿ ಮಾಡಾವ್ರು ಎಂಟಕ್ಕ ಹೊಲಕ್ಕ ಬರ್ತಾರ. ಅದಕ್ಕಿಂತ ಮೊದಲ ನನಗ ರೇಟ ಗೊತ್ತಿರಬೇಕು. ಇಲ್ಲಂದ್ರ ಅವ ಹೇಳಿದ್ದೇ ರೇಟ.”

ನೋಟ್‌ಬುಕ್ಕಿನಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಯಾರು ಯಾವ ಹೊತ್ತಿನಲ್ಲಿ ಕೇಳುತ್ತಾರೆ ಎಂಬುದು. ಬೆಳಿಗ್ಗೆ ಕೇಳುವ ಮನೆಗಳು ಮೂವತ್ತೊಂದು. ಸಂಜೆ ಇಪ್ಪತ್ತು. ಮಧ್ಯಾಹ್ನ ಒಂದು ಗಂಟೆಯ ಮಹಿಳಾ ಕಾರ್ಯಕ್ರಮವನ್ನು ಕೇಳುವ ಮನೆಗಳು ನಾಲ್ಕು. ಹನ್ನೆರಡು ವರ್ಷಗಳಿಂದ ಆ ಕಾರ್ಯಕ್ರಮ ನಡೆಸುತ್ತಿದ್ದವರು ಮೆಹರುನ್ನಿಸಾ ಅವರೇ. ಅವರ ಆರು ದಿನಗಳ ಕೆಲಸದಲ್ಲಿ ಮೂರು ದಿನ ಅದರದ್ದು.

“ಹೆಣ್ಮಕ್ಕಳು ಆ ಹೊತ್ತಿಗೆ ಹೊಲದಾಗ ಇರ್ತಾರ. ಯಾರು ಕೇಳ್ಬೇಕ್ರಿ?” ಎನ್ನುತ್ತಾರೆ ಅವರು. “ವಾಪಸ್ ಬರೂ ಬಸ್ಸಿನಾಗ ಪೆನ್ನ ತೆಗದಿದ್ದೆ. ನಾಕರ ಮುಂದ ಒಂದು ಹಚ್ಚಿದ್ರ ಹದಿನಾಕು ಆಗ್ತಿತ್ತು. ಯಾರಿಗಿ ಗೊತ್ತಾಗ್ತಿತ್ರಿ? ಹಚ್ಚಲಿಲ್ಲ.”

ಮೂರನೆಯ ವಾರ ಬೆಂಗಳೂರಿನಿಂದ ಬಂದ ಅಧಿಕಾರಿಯ ಮುಂದೆ ಸಭೆ ಸೇರುತ್ತದೆ. ಕಾರ್ಯಕ್ರಮ ವಿಭಾಗದ ಮುಖ್ಯಸ್ಥ ಪವಮಾನ ಕುಲಕರ್ಣಿ ತಾತ್ಕಾಲಿಕ ಉದ್ಘೋಷಕಿಯನ್ನೂ ಕರೆದು ಕೂರಿಸುತ್ತಾರೆ. ಮೆಹರುನ್ನಿಸಾ ತಮ್ಮ ಪಟ್ಟಿಯನ್ನು ಮುಂದಿಟ್ಟು ಹೇಳಿದ್ದು ಇಷ್ಟು: “ಚಾನೆಲ್ ಮುಚ್ಚಬ್ಯಾಡ್ರಿ ಸರ್, ತಾಸು ಕಡಿಮಿ ಮಾಡ್ರಿ. ಮುಂಜಾನಿ, ಸಂಜೀಕ ಮೀಡಿಯಂ ವೇವ್ ಇರ್ಲಿ. ನಡುವ ಬಂದ್ ಇಡ್ರಿ. ಹಾಡು ಎಫ್‌ಎಂದಾಗ ಸಾಕು.”

ಅಧಿಕಾರಿ ಪಟ್ಟಿಯ ಮೇಲೆ ಬೆರಳಾಡಿಸಿ ಕೇಳುತ್ತಾರೆ: “ಇದರ ಪ್ರಕಾರ ಮೊದಲು ನಿಲ್ಲಿಸಬೇಕಾದ್ದು ನಿಮ್ಮ ಕಾರ್ಯಕ್ರಮವನ್ನೇ ಅಲ್ಲವೇನಮ್ಮ?”

“ಹೌದ್ರಿ,” ಎನ್ನುತ್ತಾರೆ ಮೆಹರುನ್ನಿಸಾ.

ಜನವರಿಯಲ್ಲಿ ಆದೇಶ ಬರುತ್ತದೆ. ಬೆಳಿಗ್ಗೆ ಎರಡೂವರೆ ತಾಸು, ಸಂಜೆ ಒಂದು ತಾಸು ಮೀಡಿಯಂ ವೇವ್ ಮುಂದುವರಿಯುತ್ತದೆ. ಉಳಿದ ಹೊತ್ತು ಅದರ ಟ್ರಾನ್ಸ್‌ಮಿಟರ್ ಬಂದ್. ಎಫ್‌ಎಂಗೆ ಹಾಡುಗಳು ಬೆಂಗಳೂರಿನಿಂದಲೇ ಬರುತ್ತವೆ. ಬೇಕಾಗಿದ್ದ ಉಳಿತಾಯದ ಬಹುಪಾಲು ಇದರಲ್ಲೇ ಸಿಕ್ಕಿದೆ. ಮಧ್ಯಾಹ್ನದ ಮಹಿಳಾ ಕಾರ್ಯಕ್ರಮ ನಿಂತಿದೆ. ಮೆಹರುನ್ನಿಸಾಗೆ ಈಗ ತಿಂಗಳಿಗೆ ಮೂರು ದಿನ ಕೆಲಸ. ಆದೇಶದಲ್ಲಿ ‘ಕ್ಷೇತ್ರ ಮಾಹಿತಿಯ ಆಧಾರದ ಮೇಲೆ’ ಎಂದಷ್ಟೇ ಇದೆ. ಮಾಹಿತಿ ತಂದವರ ಹೆಸರಿಲ್ಲ.

“ನಾವೆಲ್ಲ ಸಹಿ ಮಾಡಿದ ಮನವಿ ಯಾರರೆ ಓದಿದ್ರೋ ಇಲ್ಲೋ ಗೊತ್ತಿಲ್ಲ,” ಎನ್ನುತ್ತಾರೆ ಪವಮಾನ ಕುಲಕರ್ಣಿ. “ಇವರ ಹಾಳಿ ಮಾತ್ರ ಓದ್ಯಾರ. ಅದರಾಗ ಇವರು ತಮಗೇ ನಷ್ಟ ಆಗೂದನ್ನೂ ಬರದಿದ್ರು ನೋಡ್ರಿ, ಅದಕ್ಕ ಉಳಿದದ್ದೂ ನಂಬಿದ್ರು.”

ಕಾರ್ಯಕ್ರಮ ನಿಂತದ್ದಕ್ಕೆ ಬೇಸರವಿಲ್ಲವೇ? ಕೋಟನೂರಿನ ಮನೆಯಲ್ಲಿ, ಮಕ್ಕಳ ಪಾಟಿ ಚೀಲಗಳನ್ನು ಸರಿಸಿ ನಮಗೆ ಜಾಗ ಮಾಡಿಕೊಡುತ್ತ ಅವರು ಉತ್ತರಿಸುತ್ತಾರೆ. “ಅದ ರೀ. ಆದೇಶ ಬಂದ ದಿನ ಅತ್ತೀನಿ. ನಮ್ಮ ಮನಿಯವರು ಚಾ ಮಾಡಿ ಕೊಟ್ರು.” ಈಗ ಅವರು ಕಚೇರಿಗೆ ಒಂದು ಅರ್ಜಿ ಕೊಟ್ಟಿದ್ದಾರೆ. ಕೇಳಿರುವುದು ಹೆಚ್ಚಿನ ದಿನಗಳನ್ನಲ್ಲ, ಇನ್ನೊಂದು ದಿಕ್ಕಿನ ಹಳ್ಳಿಗಳಿಗೆ ಹೋಗಲು ಅನುಮತಿಯನ್ನು.

“ಸೇಡಂ ಕಡಿ ಯಾರೂ ಹೋಗಿ ನೋಡಿಲ್ರಿ. ಒಂದ್ ವಾರ ಅಡ್ಡಾಡಿ ಬರ್ತೀನಿ ಅಂದೀನಿ. ಅಲ್ಲಿ ಒಬ್ರೂ ಕೇಳಂಗಿಲ್ಲ ಅಂದ್ರ, ಅದನ್ನೂ ಹಂಗೇ ಬರೀತೀನಿ.”