ಎರಡು ರಿಂಗ್ ಕೊಟ್ಟರೆ ರೈಟ್

ನಾನು ಏನನ್ನೂ ಕಂಡುಹಿಡಿಯುವ ಜಾತಿಯವನಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ನನ್ನನ್ನು ಪ್ರಯೋಗಶಾಲೆಯ ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಒಳಗೆ ಬಿಟ್ಟರೆ ಏನಾದರೂ ಒಡೆಯುತ್ತದೆ ಎಂಬ ಭಯ ಅವರಿಗೆ. ಆದರೂ ಜೀವಮಾನದಲ್ಲಿ ಒಂದೇ ಒಂದು ವ್ಯವಸ್ಥೆಯನ್ನು ನಾನು ಕಂಡುಹಿಡಿದೆ. ಅದು ಬಹಳ ಚೆನ್ನಾಗಿ ಕೆಲಸ ಮಾಡಿತು. ನನ್ನ ತಪ್ಪೊಪ್ಪಿಗೆ ಶುರುವಾಗುವುದೇ ಅಲ್ಲಿಂದ.

ಮುಳಬಾಗಿಲಿನ ಹಳೆಯ ವಠಾರವೊಂದರಲ್ಲಿ ನಮ್ಮ ಮನೆ. ತೊಂಬತ್ತರ ದಶಕದಲ್ಲಿ ನನ್ನ ಹೆಂಡತಿ ಕಮಲ ಚೀಟಿ ಎತ್ತಿದ ದುಡ್ಡಿನಲ್ಲಿ ಒಂದು ಗ್ರೈಂಡರ್ ತಂದಳು. ಈಗ ಅಡುಗೆಕಟ್ಟೆಯ ಮೇಲೆ ಕೂರುವ ಪುಟಾಣಿ ಅಲ್ಲ. ಕಲ್ಲಿನ ಹೊಟ್ಟೆಯ, ಇಬ್ಬರು ಸೇರಿ ತಳ್ಳಿದರೂ ಕದಲದ ಆಸಾಮಿ. ವರಾಂಡದಲ್ಲಿ ಕೂತು ಗುಡುಗುತ್ತಿತ್ತು. ವಠಾರದಲ್ಲಿ ಅದೊಂದೇ ಇದ್ದದ್ದರಿಂದ ಎಲ್ಲರೂ ನೆನೆಸಿದ ಅಕ್ಕಿ ಹೊತ್ತು ಅಲ್ಲಿಗೇ ಬರುತ್ತಿದ್ದರು. ದೋಸೆಯ ವಿಷಯದಲ್ಲಿ ನಮ್ಮೂರಿನವರು ಯಾರಿಗೂ ಸೋಲುವವರಲ್ಲ ಎಂಬುದನ್ನು ನಾನು ಬೇರೆ ಹೇಳಬೇಕಾಗಿಲ್ಲ.

ಬಾಡಿಗೆ ಅಂತ ಯಾರೂ ಕೇಳಿರಲಿಲ್ಲ, ಯಾರೂ ಕೊಟ್ಟಿರಲಿಲ್ಲ. ರುಬ್ಬಿಕೊಂಡವರು ಹೋಗುವಾಗ ನಮ್ಮ ಕಿಟಕಿಯ ಕಟ್ಟೆಯ ಮೇಲಿದ್ದ ಡಬರಿಗೆ ಒಂದು ಸೌಟು ಹಿಟ್ಟು ಹುಯ್ದು ಹೋಗುತ್ತಿದ್ದರು. ಅಷ್ಟೇ. ಹಿಟ್ಟು ನುಣ್ಣಗಾಗುವವರೆಗೆ ಕಮಲಳ ಪಕ್ಕದಲ್ಲಿ ಕೂತು ಮಾತು. ಎಲ್ಲರಿಗಿಂತ ಹೆಚ್ಚು ಕೂರುತ್ತಿದ್ದವರು ಎದುರು ಮನೆಯ ರತ್ನಕ್ಕ. ಅವರ ಮಗಳು ಮಂಜುಳ ಆ ಗ್ರೈಂಡರಿನ ಸದ್ದಿಗೇ ತೂಕಡಿಸಿ ಕಮಲಳ ತೊಡೆಯ ಮೇಲೆ ಮಲಗಿ ಬೆಳೆದವಳು. ನಮಗೆ ಮಕ್ಕಳಿಲ್ಲ. ಅದಕ್ಕೇ ಈ ವಿವರ.

ನಾನಾಗ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಕೋಲಾರ, ಮಾಲೂರು, ಮತ್ತೆ ಮುಳಬಾಗಿಲು. ಮನೆಯಲ್ಲಿ ಹಗಲು ಏನು ನಡೆಯುತ್ತದೆಂದು ತಿಳಿದದ್ದು ಕೆಲಸ ಬಿಟ್ಟ ಮೇಲೆ. ಕರೆಂಟು ಬಂತೆಂದರೆ ಸಾಕು, ಪಾತ್ರೆಗಳ ಮೆರವಣಿಗೆ. ನಾನು ಮೊದಲು, ನೀನು ಆಮೇಲೆ ಎಂಬ ಜಗಳ. ನನ್ನ ಮಧ್ಯಾಹ್ನದ ನಿದ್ದೆ ಹಾಳು. ಅಷ್ಟರಲ್ಲಿ ಎರಡು ಸಾವಿರದ ಇಸವಿ ದಾಟಿ, ಮನೆಮನೆಗೂ ಮೊಬೈಲ್ ಬಂದಿತ್ತು. ಮಾತಾಡಲು ದುಡ್ಡು ಬೇಕು, ಮಿಸ್ಡ್ ಕಾಲಿಗೆ ಬೇಡ ಎಂಬ ಪರಮ ಸತ್ಯವೂ ಎಲ್ಲರಿಗೂ ತಿಳಿದಿತ್ತು.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ನನಗೆ ಹೊಳೆಯಿತು. ಬ್ರಶ್ ಬಾಯಲ್ಲೇ ಇಟ್ಟುಕೊಂಡು ಕಮಲಳ ಬಳಿಗೆ ಓಡಿದೆ. ಬಸ್ಸಿನಲ್ಲಿ ನಾವು ಮಾತಾಡುತ್ತೇವೆಯೇ? ಒಂದು ಸೀಟಿ ಊದಿದರೆ ನಿಲ್ಲು, ಎರಡು ಊದಿದರೆ ರೈಟ್, ಹೊರಡು. ಅಷ್ಟರಲ್ಲಿ ಇಡೀ ತಾಲ್ಲೂಕಿನ ಜನ ಬೇಕಾದ ಕಡೆ ಹತ್ತಿ ಇಳಿಯುತ್ತಾರೆ. ಗ್ರೈಂಡರಿಗೂ ಹಾಗೇ ಮಾಡಿದರೆ? ರುಬ್ಬಬೇಕಾದವರು ನನಗೆ ಒಂದು ಮಿಸ್ಡ್ ಕಾಲ್ ಕೊಡಬೇಕು. ಸರದಿ ಬಂದಾಗ ನಾನು ಎರಡು ಕೊಡುತ್ತೇನೆ: ರೈಟ್, ಬನ್ನಿ. ಹಾಕಿ ಹೋಗಬೇಕು. ಹಿಟ್ಟಾದ ಮೇಲೆ ಮತ್ತೆ ಎರಡು: ಬಂದು ತೆಗೆದುಕೊಳ್ಳಿ. ಸೌಟಿನ ರಗಳೆಯೂ ಬೇಡ. ಮೂಲೆಯ ರೀಚಾರ್ಜ್ ಅಂಗಡಿಯಲ್ಲಿ ನನ್ನ ನಂಬರಿಗೆ ಸಣ್ಣದೊಂದು ಟಾಪ್‌ಅಪ್ ಹಾಕಿಸಿದರೆ ಬಾಡಿಗೆ ಚುಕ್ತಾ.

ಕಮಲ ಕೇಳಿದಳು, “ಎದುರು ಮನೆ ರತ್ನಕ್ಕಾನೂ ಫೋನ್ ಮಾಡಬೇಕಾ?”

“ಕಾನೂನು ಅಂದಮೇಲೆ ಎಲ್ರಿಗೂ ಒಂದೇ ಕಣೇ.”

“ಬಾಯಿ ತೊಳ್ಕೊಂಡು ಬನ್ನಿ ಮೊದ್ಲು,” ಎಂದಳು. ಅದನ್ನು ನಾನು ಒಪ್ಪಿಗೆ ಎಂದು ತಿಳಿದೆ. ಗ್ರೈಂಡರ್ ಅವಳದು ಎಂಬುದು ಆಗ ನನ್ನ ತಲೆಗೆ ಬರಲಿಲ್ಲ.

ಆ ದಿನಗಳ ಸಂಭ್ರಮವನ್ನು ಹೇಗೆ ಹೇಳಲಿ. ಫೋನ್ ಕುಂಯ್ ಎಂದರೆ ನನ್ನ ಎದೆ ಹಿಗ್ಗುತ್ತಿತ್ತು. ಕುರ್ಚಿಯಲ್ಲಿ ಕೂತು ಇಡೀ ವಠಾರದ ದೋಸೆ ಇಡ್ಲಿಗಳನ್ನು ಓಡಿಸುತ್ತಿದ್ದೆ. ಜಗಳ ನಿಂತಿತು. ವರಾಂಡ ಖಾಲಿಯಾಯಿತು. ಪಕ್ಕದ ಬೀದಿಯವರೂ ಸೇರಿಕೊಂಡರು. ಬ್ಯಾಲೆನ್ಸ್ ಏರುತ್ತಿತ್ತು, ಅದನ್ನು ಖರ್ಚು ಮಾಡದೆ ಆಗಾಗ ತೆರೆದು ನೋಡುವುದೇ ನನಗೆ ಹಬ್ಬ. ಚೀಲ ತುಂಬಿದ ಕಂಡಕ್ಟರ್ ಊಟವನ್ನೂ ಮರೆಯುತ್ತಾನೆ.

ಒಂದು ಬೆಳಿಗ್ಗೆ ತಟ್ಟೆಯಲ್ಲಿ ಉಪ್ಪಿಟ್ಟು ಬಂತು. ಮಾರನೆಯ ದಿನವೂ ಅದೇ.

“ದೋಸೆ ಯಾಕಿಲ್ಲ? ಮನೇಲೇ ಗ್ರೈಂಡರ್ ಇದೆಯಲ್ಲ.”

“ಈ ಮನೇಲಿ ನಾನು ಅಕ್ಕಿ ನೆನೆಸಿದ್ದನ್ನ ನೋಡಿದ್ದೀರಾ ಯಾವತ್ತಾದ್ರೂ?” ಎಂದಳು ಕಮಲ. “ಸೌಟು ಸೌಟು ಬಂದಿದ್ರಲ್ಲಿ ಬದುಕಿದ್ದು ನಾವು. ಈಗ ಟಾಪ್‌ಅಪ್ ಬರ್ತಿದೆ. ಕಾವಲಿ ಮೇಲೆ ಹುಯ್ಯಲಾ?”

ಇಷ್ಟು ವರ್ಷ ನಾನು ತಿಂದದ್ದು ಒಂದು ಮನೆಯ ಮೆಂತ್ಯ, ಇನ್ನೊಂದು ಮನೆಯ ಅವಲಕ್ಕಿ, ಮತ್ತೊಂದು ಮನೆಯ ರಾಗಿ ಬೆರೆತ ದೋಸೆಯೆಂದು ಅಂದು ತಿಳಿಯಿತು. ಆಗಲೂ ಬುದ್ಧಿ ಬರಲಿಲ್ಲ. ನಾಳೆಯಿಂದ ಅಕ್ಕಿ ನೆನೆಸು ಎಂದು ಹೇಳಿದೆ.

ಮಂಜುಳಳನ್ನು ಶ್ರೀನಿವಾಸಪುರಕ್ಕೆ ಕೊಟ್ಟಿದ್ದರು. ಆಗ ಅವಳಿಗೆ ತುಂಬಿದ ತಿಂಗಳು. ಹೆರಿಗೆಯ ಹೊತ್ತಿಗೆ ಪಕ್ಕದಲ್ಲಿ ಕಮಲತ್ತೆ ಇರಲೇಬೇಕೆಂದು ಅವಳು ಹಟ ಹಿಡಿದಿದ್ದಳು. ಕಮಲ ಹಳೆಯ ಮೆತ್ತನೆಯ ಸೀರೆಗಳನ್ನು ಒಗೆದು ಮಡಿಸಿ ಚೀಲಕ್ಕೆ ತುಂಬಿ ಕಾಯುತ್ತಿದ್ದಳು. ಹೀಗಿರುವಾಗ ಒಂದು ದಿನ ನಸುಕಿನಲ್ಲೇ ನೋವು ಬಂದು, ಮಂಜುಳಳನ್ನು ಕೋಲಾರದ ಆಸ್ಪತ್ರೆಗೆ ಸೇರಿಸಿದರು. ರತ್ನಕ್ಕ ಮೊದಲ ಬಸ್ಸಿಗೇ ಓಡಿದರು. ನಾವಿನ್ನೂ ಎದ್ದಿರಲಿಲ್ಲ.

ಬೆಳಿಗ್ಗೆ ನನ್ನ ಫೋನ್ ಒಂದು ಸಲ ಕುಂಯ್ ಎಂದಿತು. ನೋಡಿದೆ: ರತ್ನಕ್ಕ. ಗ್ರೈಂಡರ್ ಖಾಲಿಯಿತ್ತು. ಎರಡು ರಿಂಗ್ ಕೊಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ಒಂದು. ನಾನು ಮತ್ತೆ ಎರಡು. ಇನ್ನೊಂದು ಸಲ ಬಂದಾಗ, ಬಾ ಅಂದಮೇಲೆ ಬರಬೇಕಪ್ಪ, ಇದೇನು ಆಟ ಎಂದು ಗೊಣಗಿಕೊಂಡೇ ಎರಡು ಒತ್ತಿದೆ. ಎದುರು ಮನೆಯ ಬಾಗಿಲಿಗೆ ಬೀಗ ಬಿದ್ದಿರುವುದನ್ನು ತಲೆಯೆತ್ತಿ ನೋಡಲಿಲ್ಲ. ಫೋನ್ ಇರುವಾಗ ಬಾಗಿಲನ್ನು ಯಾರು ನೋಡುತ್ತಾರೆ.

ರತ್ನಕ್ಕ ವಠಾರಕ್ಕೆ ಬಂದದ್ದು ಮೂರನೆಯ ದಿನ, ಬಟ್ಟೆ ತೆಗೆದುಕೊಂಡು ಹೋಗಲು. ಕಮಲ ಓಡಿ ಹೋಗಿ ಕೇಳಿದಳು, “ಎಲ್ಲಿಗೆ ಹೋಗಿದ್ರಿ ರತ್ನಕ್ಕಾ? ಬೀಗ ನೋಡಿ ತಾಯಲೂರಿನ ನೆಂಟರ ಮನೆಗೆ ಅಂದ್ಕೊಂಡಿದ್ದೆ.”

“ಮೊಮ್ಮಗಳು ಹುಟ್ಟಿದ್ಳಮ್ಮ,” ಎಂದರು ರತ್ನಕ್ಕ, ಮುಖ ತಿರುಗಿಸಿ. ನನ್ನ ಕಡೆ ನೋಡಿ, “ಏಮಣ್ಣಾ, ಹುಡುಗಿ ಅಲ್ಲಿ ಕಮಲತ್ತೆ ಕಮಲತ್ತೆ ಅಂತ ಒದ್ದಾಡ್ತಿದ್ರೆ ನೀನು ಮೂರು ಸಲ ರೈಟ್ ಕೊಟ್ಟೆಯಲ್ಲಣ್ಣ. ವಾಪಸ್ ಮಾಡಿ ಮಾತಾಡ್ತೀಯ ಅಂತ ಕಾದೆ. ಮಾತಾಡೋಕೆ ನನ್ನ ಫೋನಲ್ಲಿ ದುಡ್ಡೆಲ್ಲಿತ್ತು? ಎಲ್ಲಾ ನಿನ್ನ ಫೋನಿಗೇ ಹಾಕ್ಸಿದ್ದೆ.”

ಕಮಲ ಒಳಗೆ ಹೋಗಿ ಆ ಸೀರೆಗಳ ಚೀಲ ತಂದು ರತ್ನಕ್ಕನ ಕೈಗೆ ಕೊಟ್ಟಳು. ಆಮೇಲೆ ಅಳುವುದು ಕಾಣಬಾರದೆಂದು ಗ್ರೈಂಡರ್ ತೊಳೆಯತೊಡಗಿದಳು. ಅದು ಮೊದಲೇ ತೊಳೆದಿಟ್ಟದ್ದು.

ಬಸ್ಸಿನಲ್ಲಿ ಮೂರನೆಯ ಸೀಟಿಯೊಂದಿದೆ. ಬಿಡದೆ ಸಣ್ಣಗೆ ಊದುತ್ತಾ ಹೋಗುವುದು: ಹಿಂದೆ ಬಾ, ಹಿಂದೆ ಬಾ ಎಂದು. ನನ್ನ ವ್ಯವಸ್ಥೆಯಲ್ಲಿ ಅದನ್ನು ಸೇರಿಸುವುದು ಮರೆತುಹೋಗಿತ್ತು. ಮುಂದಕ್ಕೆ ಹೋಗುವ ಉಮೇದಿನಲ್ಲಿ ಯಾರಿಗೂ ನೆನಪಾಗುವುದಿಲ್ಲ. ನಾನು ಟ್ರಂಕಿನಿಂದ ಹಳೆಯ ಸೀಟಿ ಹುಡುಕಿ ತೆಗೆದೆ.

ನಾಮಕರಣ ರತ್ನಕ್ಕನ ಮನೆಯಲ್ಲಿ. ಹಿಂದಿನ ದಿನ ವಠಾರದ ನಾಲ್ಕು ಗಂಡಸರನ್ನು ಕರೆದು ಗ್ರೈಂಡರ್ ಎತ್ತಿಸಿದೆ. ಅವರು ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತಾ ನಡೆಯುತ್ತಿದ್ದರೆ ನಾನು ಸೀಟಿ ಊದುತ್ತಾ ಎದುರು ಮನೆಯ ಪಡಸಾಲೆಗೆ ಅದನ್ನು ಸೇರಿಸಿದೆ. ಬಾಣಂತಿ ಮಂಜುಳ ಒಳಗಿನಿಂದ ನಕ್ಕಳು. ರತ್ನಕ್ಕ ನಗಲಿಲ್ಲ. ಮಗುವನ್ನು ತಂದು ಕಮಲಳ ತೊಡೆಯ ಮೇಲೆ ಹಾಕಿ, ನನ್ನತ್ತ ಕೈ ಚಾಚಿದರು.

“ಫೋನ್ ಕೊಡಣ್ಣ.”

ಕೊಟ್ಟೆ. ಗ್ರೈಂಡರ್ ತಿರುಗುತ್ತಿತ್ತು, ಮಗು ನಿದ್ದೆ ಹೋಗಿತ್ತು. ಇಬ್ಬರೂ ಹೆಂಗಸರು ಒತ್ತಿಕೊಂಡು ಕೂತು, ತಾಯಲೂರಿನ ನೆಂಟರಿಂದ ಗಡಿಯಾಚೆಯ ಪುಂಗನೂರಿನವರೆಗೆ ಕನ್ನಡದಲ್ಲೂ ತೆಲುಗಿನಲ್ಲೂ ಕರೆದರು. ಬನ್ನಿ ಎಂದು ಹೇಳಿದ ಮೇಲೂ ಬಿಡದೆ ಮಗುವಿನ ಮೂಗು ಯಾರದು, ಕಿವಿ ಯಾರದು ಎಂದೆಲ್ಲ ವಿಚಾರಿಸಿದರು. ನಾನು ಕೂಡಿಟ್ಟದ್ದೆಲ್ಲ ಕಣ್ಣೆದುರೇ ಕರಗುತ್ತಿತ್ತು. ವಿಚಿತ್ರವೆಂದರೆ, ಅದನ್ನು ನೋಡುವುದೂ ಹಬ್ಬದಂತೆಯೇ ಇತ್ತು.

ಕೊನೆಗೊಮ್ಮೆ ಫೋನಿನೊಳಗಿನ ಹೆಣ್ಣು ದನಿ, ನಿಮ್ಮ ಖಾತೆಯಲ್ಲಿ ಸಾಕಷ್ಟು ಹಣವಿಲ್ಲ ಎಂದು ವಿನಯದಿಂದ ತಿಳಿಸಿತು.

“ಏನಂತೆ ಅವ್ಳದು?” ಎಂದು ಕೇಳಿದಳು ಕಮಲ.

“ದುಡ್ಡಿಲ್ವಂತೆ,” ಎಂದರು ರತ್ನಕ್ಕ.

“ಅಷ್ಟೇನಾ. ಬಂದು ಕೂತ್ಕೊಳ್ಳೋಕೆ ಹೇಳಿ. ಅವ್ಳಿಗೂ ಒಂದು ಸೌಟು ಹಿಟ್ಟು ಕೊಡೋಣ.”