ಉತ್ತರದ ಮೂಲೆಗೆ ಸಾಕಾಗದ ಹಲಗೆ

ಓಯ್ವ ನಮ್ಮೂರಲ್ಲಿ ಪಾಯ ಹಾಕುವವನು. ಚಳಿಗೆ ನೆಲ ಹೆಪ್ಪುಗಟ್ಟಿ ಉಬ್ಬಿದರೆ ಮನೆಯನ್ನೇ ಎತ್ತಿಬಿಡುತ್ತದೆ. ಅದಕ್ಕೆ ಹಿಂದೆ ಆಳೆತ್ತರ ಅಗೆಯುತ್ತಿದ್ದರು. ಓಯ್ವ ಮೊಣಕಾಲುದ್ದ ಅಗೆದು, ಸುತ್ತಲೂ ಗಟ್ಟಿ ಥರ್ಮಾಕೋಲ್ ಹಲಗೆ ಹೂತು ಚಳಿಯನ್ನು ಹೊರಗೇ ತಡೆಯುತ್ತಾನೆ. ಖರ್ಚು ಅರ್ಧಕ್ಕರ್ಧ ಇಳಿಯುತ್ತದೆ. ಅವನ ತಂಗಿ ಸೈಮಿ ಮತ್ತು ಅವಳ ಗಂಡ ಎಲ್ಯಾಸ್ ಮನೆ ಕಟ್ಟಲು ಆದದ್ದೇ ಅದರಿಂದ.

ಆ ಪಾಯಕ್ಕೆ ಊರವರೆಲ್ಲ ಕೂಲಿಯಿಲ್ಲದೆ ಕೈಜೋಡಿಸಲು ಮುಯ್ಯಾಳಾಗಿ ಹೋಗಿದ್ದೆವು. ನಮ್ಮ ಫಿನ್ಲೆಂಡಿನಲ್ಲಿ ಮುಯ್ಯಾಳಿಗೆ ಬಂದವರನ್ನು ಕೆಲಸವಿಲ್ಲದೆ ವಾಪಸ್ ಕಳಿಸುವುದೆಂದರೆ ಕರೆದವನಿಗೆ ತಲೆ ಎತ್ತಲಾಗದ ಅವಮಾನ. ಮೂಲೆಗೆ ಎರಡು ಕಡೆಯಿಂದ ಚಳಿ ಬಡಿಯುವುದರಿಂದ ಅಲ್ಲಿ ಹಲಗೆ ಅಗಲವಾಗಿರಬೇಕು. ಉತ್ತರದ ಮೂಲೆಗೆ ಬರುವಷ್ಟರಲ್ಲಿ ಅಗಲದ್ದು ಮುಗಿದಿತ್ತು. ನಾವು ಸಲಿಕೆ ಹಿಡಿದು ಕಾಯುತ್ತಿದ್ದೆವು, ಸೈಮಿ ಮೀನಿನ ಸಾರಿಗೆ ಕರೆಯುತ್ತಿದ್ದಳು. ಓಯ್ವ ಕಿರಿದೊಂದು ತುಂಡು ಇಟ್ಟು "ಮುಚ್ರೋ" ಎಂದ. ಅದು ಸಾಲದೆಂದು ನಮಗೇನು ಗೊತ್ತು, ಮುಚ್ಚಿದೆವು.

ಹಿಮ ಕಡಿಮೆ ಬಿದ್ದ ಒಂದು ಚಳಿಗಾಲದಲ್ಲಿ ಆ ಮೂಲೆ ಮೇಲೆದ್ದು ಗೋಡೆ ಬಿರಿಯಿತು.

"ಮೂಲೆಯ ಹಿಮ ತೆಗೀಬೇಡ ಅಂತ ಬಡ್ಕೊಂಡೆ!" ಸೈಮಿ ಗಂಡನ ಮೇಲೆ ಹರಿಹಾಯ್ದಳು. "ನೆಲಕ್ಕೆ ಅದೇ ಕಂಬಳಿ ಕಣೋ. ನಿನ್ ಕಾರ್ ನಿಲ್ಸೋಕೆ ಬೇರೆ ಜಾಗ ಸಿಗ್ಲಿಲ್ವಾ?"

ಎಲ್ಯಾಸ್ ತಲೆ ತಗ್ಗಿಸಿದ. ಅಂದಿನಿಂದ ಪ್ರತಿ ಚಳಿಗಾಲ, ಸೊಂಟನೋವಿನಲ್ಲೂ, ಅಂಗಳದ ಹಿಮವನ್ನೆಲ್ಲ ಎಳೆತಂದು ಆ ಮೂಲೆಗೆ ಒಟ್ಟುತ್ತಿದ್ದ. ಸೈಮಿಯ ಮೂದಲಿಕೆ ಮಾತ್ರ ನಿಲ್ಲಲಿಲ್ಲ. ಓಯ್ವ ನೋಡಿಯೂ ನೋಡದವನಂತೆ ಕಾಫಿ ಕುಡಿದು ಹೋಗುತ್ತಿದ್ದ. ನನಗೆ ಅವನ ಮೇಲೆ ಈಗಲೂ ಸಿಟ್ಟಿರುವುದು ಅದಕ್ಕೇ. ಹಲಗೆ ಸಾಲದಿರುವುದು ಯಾರಿಗಾದರೂ ಆಗುತ್ತದೆ; ಬಾಯಿಗೆ ಬೀಗ ಹಾಕಿಕೊಂಡು ಕೂತದ್ದು ತಪ್ಪು.

ಹೋದ ಚಳಿಗಾಲ ಎಲ್ಯಾಸ್ ಆ ಹಿಮದ ಗುಡ್ಡೆಯ ಪಕ್ಕದಲ್ಲೇ ಕುಸಿದ. ನಾನೂ ಓಯ್ವನೂ ಎತ್ತಿ ಒಳಗೆ ತಂದು ಮಲಗಿಸಿದೆವು. ಆಗ ಓಯ್ವ ಅವನ ಪಕ್ಕದಲ್ಲೇ ಕೂತ.

"ಅದು ನಿನ್ ತಪ್ಪಲ್ಲ ಎಲ್ಯಾಸ್. ಮೂಲೆಗೆ ಹಲಗೆ ಸಾಕಾಗ್ಲಿಲ್ಲ. ಅಷ್ಟು ಜನ ಬಂದಿದ್ರು, ನಾಳೆ ಬನ್ನಿ ಅನ್ನೋಕೆ ನಾಚ್ಕೆ ಆಯ್ತು. ಹಾಗೇ ಮುಚ್ಚಿಸ್ದೆ. ನೆಲ ಸಡಿಲ ಆದ್ಕೂಡ್ಲೆ ನಾನೇ ಅಗೆದು ಸರಿ ಮಾಡ್ತೀನಿ. ಖರ್ಚೆಲ್ಲ ನಂದು."

ಎಲ್ಯಾಸ್ ಬಯ್ಯಲೇ ಇಲ್ಲ. ಹೆಂಡತಿಯತ್ತ ತಿರುಗಿದ. "ಸೈಮಿ, ನಾನಲ್ವಂತೆ ಕಣೇ."

ಸೈಮಿ ಅವನ ಒದ್ದೆ ಕಾಲುಚೀಲ ಬಿಚ್ಚುತ್ತಿದ್ದಳು. ಅಣ್ಣನ ಮುಖ ನೋಡದೆಯೇ ಕೇಳಿದಳು:

"ಪಾಯ ನೀನು ಅಗೆದು ಸರಿ ಮಾಡ್ತೀಯಣ್ಣ. ನಾನು ಇವನಿಗೆ ಇಷ್ಟು ವರ್ಷ ಅಂದಿದ್ನೆಲ್ಲ ಯಾವ ಸಲಿಕೆ ಹಿಡಿದು ತೆಗೀಲಿ?"