ನಮ್ಮ ಹಿತ್ತಿಲ ನಿಂತ ನೀರು

ಆಶಾ ಕಾರ್ಯಕರ್ತೆಯಾಗಿ ನಾನು ಊರಿನವರಿಗೆ ಅತಿ ಹೆಚ್ಚು ಸಲ ಹೇಳಿರುವ ಮಾತೆಂದರೆ 'ನೀರು ನಿಲ್ಲಿಸಬೇಡಿ' ಎಂಬುದೇ. ವಾರಕ್ಕೊಮ್ಮೆ ತೊಟ್ಟಿ ತೊಳೆಯಿರಿ, ತೆಂಗಿನ ಚಿಪ್ಪು ಕವುಚಿ ಹಾಕಿ, ಹಳೇ ಟಯರು ಮಳೆಗೆ ಬಿಡಬೇಡಿ. ಮಳೆಗಾಲ ಬಂತೆಂದರೆ ಗುಲಾಬಿ ಸೀರೆ ಉಟ್ಟು, ಟಾರ್ಚು ಹಿಡಿದು, ಮನೆಮನೆಯ ಬಚ್ಚಲು ಇಣುಕಿ ನೋಡುವುದೇ ನನ್ನ ಕೆಲಸ. ಅಂಥದ್ದರಲ್ಲಿ ನಮ್ಮ ಯಜಮಾನರು ಹಿತ್ತಿಲಲ್ಲಿ ಎಂಟಡಿ ಉದ್ದ, ಐದಡಿ ಅಗಲದ ಕೊಳ ಕಟ್ಟುತ್ತೇನೆಂದು ಹೊರಟರು.

ಅವರದು ಗಾರೆ ಕೆಲಸ. ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕಿನದು. ಹೊಗೆಸೊಪ್ಪು ಬೇಯಿಸುವ ಕಾಲ ಹತ್ತಿರ ಬಂದರೆ ಅದನ್ನು ಬೇಯಿಸುವ ಬ್ಯಾರನ್ ಗೂಡುಗಳ ರಿಪೇರಿಗೆ ಅವರನ್ನು ಹುಡುಕಿಕೊಂಡು ಜನ ಬರುತ್ತಾರೆ. ಉಳಿದ ದಿನಗಳಲ್ಲಿ ಎಲ್ಲಿ ಕರೆದರೆ ಅಲ್ಲಿಗೆ. ಆ ವರ್ಷ ಬೇಸಿಗೆಯಲ್ಲಿ ಕೊಡಗಿನ ಗಡಿ ಕಡೆ ಒಂದು ಹೋಂಸ್ಟೇಗೆ ಹೋಗಿ, ಅಲ್ಲಿಯ ಅಂಗಳದ ಕೊಳಕ್ಕೆ ಕಲ್ಲು ಕಟ್ಟಿ ಬಂದಿದ್ದರು. ಕೆಲಸ ಮುಗಿಯುವ ಹೊತ್ತಿಗೆ ಮಾಲೀಕರು ಮೀನು ತರಿಸಿ ಬಿಟ್ಟರಂತೆ. ಊಟದ ಹೊತ್ತಿನಲ್ಲಿ ಇವರು ಬುತ್ತಿ ಬಿಚ್ಚಿಕೊಂಡು ಅವುಗಳ ಮುಂದೆಯೇ ಕೂರುತ್ತಿದ್ದರಂತೆ.

"ಕೆಂಪು, ಬಿಳಿ, ಮಚ್ಚೆ ಮಚ್ಚೆ ಕಣೆ. ಕೋಯಿ ಅಂತಾರೆ ಅದುಕ್ಕೆ. ದಡದ ತಾವ ಹೋದ್ರೆ ಸಾಕು, ಬಾಯಿ ತಕ್ಕೊಂಡು ಓಡೋಡಿ ಬತ್ತವೆ, ಹಾಲು ಕುಡಿಯೋಕೆ ಕರ ಬಂದಂಗೆ."

"ನಾನು ಊರವ್ರಿಗೆಲ್ಲ ನೀರು ನಿಲ್ಲಿಸ್ಬೇಡಿ ಅಂತೀನಿ. ನೀವು ಮನೇಲೇ ಕೆರೆ ಕಟ್ತೀರಾ?"

"ಮೀನಿದ್ಮೇಲೆ ಸೊಳ್ಳೆ ಎಲ್ಲಿಂದ ಬತ್ತವೆ? ನೀನೇ ಹೇಳಿದ್ಯಲ್ಲ, ಬಾವಿಗೆ ಬುಡೋಕೆ ಆಸ್ಪತ್ರೇಲಿ ಮೀನು ಕೊಡ್ತಾರೆ ಅಂತ."

ಹೇಳಿದ್ದು ನಿಜ.

ಬಟ್ಟೆ ಒಗೆಯುವ ಕಲ್ಲಿನ ಆಚೆ ಗುಂಡಿ ತೋಡಿದರು. ಮೂರಡಿಗಿಂತ ಸ್ವಲ್ಪ ಆಳ. ಸುತ್ತ ಸೈಜುಗಲ್ಲು ಕಟ್ಟಿ, ಒಳಗೆ ಎರಡು ಸಲ ಗಾರೆ ಹೊಡೆದು, ಒಂದು ಮೂಲೆಯಲ್ಲಿ ಗಿಡ ಇಡಲು ಮೆಟ್ಟಿಲು ಬಿಟ್ಟರು. ನೀಲಿ ಡ್ರಮ್ಮಿಗೆ ಜಲ್ಲಿ, ಬಲೆ ತುಂಬಿ ಸಣ್ಣ ಪಂಪು ಜೋಡಿಸಿ, ನೀರು ಸೋಸಿಕೊಂಡು ತಿರುಗಿ ಬೀಳುವ ಹಾಗೆ ಮಾಡಿದರು. ಹೊಸ ಸಿಮೆಂಟಿನ ಖಾರಕ್ಕೆ ಮೀನು ಉಳಿಯುವುದಿಲ್ಲ ಎಂದು ಹೋಂಸ್ಟೇಯಲ್ಲಿ ಕಲಿತು ಬಂದಿದ್ದರು. ಅದಕ್ಕಾಗಿ ಬಾಳೆದಿಂಡು ಕೊಚ್ಚಿ ಹಾಕಿ ನೀರು ತುಂಬಿ ಬಿಡುವುದು, ಅದು ಕೊಳೆತ ಮೇಲೆ ಚೆಲ್ಲುವುದು, ಮತ್ತೆ ತುಂಬುವುದು. ಹೀಗೆ ಮೂರು ಸಲ. ಆ ವಾಸನೆಗೆ ನಾನು ಹಿತ್ತಿಲ ಬಾಗಿಲನ್ನೇ ಹಾಕಿಬಿಟ್ಟಿದ್ದೆ.

ಗಿಡ ನನ್ನ ತವರಿನಿಂದ ಬಂತು. ಹೊಸ ಅಗ್ರಹಾರದ ಹತ್ತಿರದ ಕೆರೆಯಂಚಿನಿಂದ ನನ್ನ ಅಣ್ಣ ನೈದಿಲೆ ಗೆಡ್ಡೆ ಕಿತ್ತು, ಒದ್ದೆ ಗೋಣಿಚೀಲದಲ್ಲಿ ಸುತ್ತಿ ಕೊಟ್ಟ. ಅದನ್ನು ಯಜಮಾನರು ಗಾರೆ ಹೊರುತ್ತಿದ್ದ ಹಳೇ ಬಾಂಡ್ಲಿಯಲ್ಲಿ ಜೇಡಿಮಣ್ಣು ಹಾಕಿ ನೆಟ್ಟೆವು. ಮೀನು ಕೆದಕದಿರಲೆಂದು ಮೇಲೆ ಜಲ್ಲಿ ಹರಡಿದೆವು. ಮೆಟ್ಟಿಲ ಮೇಲೆ ಬಜೆ ಗಿಡ. ಎಳೆಗೂಸಿನ ನಾಲಿಗೆಗೆ ತೇಯಲು ಬಜೆ ಬೇರು ಕೇಳಿಕೊಂಡು ಬಾಣಂತಿ ಮನೆಯವರು ಈಗಲೂ ಬರುತ್ತಾರೆ. ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಕೊಡಬೇಡಿ ಎಂದು ಹೇಳಿ ಕಳಿಸುತ್ತೇನೆ.

ಮೊದಲ ಮಳೆ ಬಿದ್ದ ಮೇಲೆ ಯಜಮಾನರು ಕೊಡಗಿನ ಗಡಿಯ ಕೊಪ್ಪದ ಅಂಗಡಿಯಿಂದ ಆರು ಕೋಯಿ ಮರಿ ತಂದರು. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಚೀಲವನ್ನೇ ಅರ್ಧ ಗಂಟೆ ನೀರಿನ ಮೇಲೆ ತೇಲಿಸಿ, ಆಮೇಲೆ ಬಾಯಿ ಬಿಚ್ಚಿದರು. ಎದುರುಮನೆಯ ಅಕ್ಕ ಬಂದು ನೋಡಿ, "ಸಾರಿಗೆ ಯಾವಾಗಮ್ಮಿ?" ಎಂದರು.

"ಇದು ತಿನ್ನೋ ಮೀನಲ್ಲ ಕಣಕ್ಕ, ನೋಡೋ ಮೀನು," ಎಂದರು ಇವರು.

"ಮೀನ್ ನೋಡ್ಕೊಂಡು ಯಾರ್ ಕೂತಾರು, ಬುಡಪ್ಪ," ಎಂದು ಅಕ್ಕ ಹೋದರು.

ಎರಡು ವಾರ ಎಲ್ಲ ಸರಿಯಾಗಿತ್ತು. ಆಮೇಲೆ ಪಕ್ಕದ ಬೀದಿಯಲ್ಲಿ ಇಬ್ಬರಿಗೆ ವಾಂತಿಭೇದಿ ಶುರುವಾಯಿತು. ನಾನು ಊರಿನ ನಲ್ಲಿಗಳಿಗೆ ನೀರು ಬಿಡುವ ನೀರಗಂಟಿಯನ್ನು ಹುಡುಕಿಕೊಂಡು ಹೋಗಿ, ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿ ಎಂದೆ. ಮೊನ್ನೆ ತಾನೆ ಹಾಕಿದ್ದೀನಿ ಎಂದಾಗ, ಇನ್ನೂ ಹಾಕಿ ಎಂದು ಜೋರು ಮಾಡಿದೆ. ಮಾರನೆಯ ಬೆಳಗ್ಗೆ ಕೊಳದ ನೀರು ಹಸಿರಾಗಿರುವುದು ಕಂಡು, ಅರ್ಧ ನೀರು ಚೆಲ್ಲಿ, ನಲ್ಲಿ ಪೈಪು ಬಿಟ್ಟು, ಮೀಟಿಂಗಿಗೆ ಹೊರಟೆ. ನಲ್ಲಿ ನಿಲ್ಲಿಸಲು ಮಗಳಿಗೆ ಹೇಳಿದ್ದೆ. ಅವಳು ತುಂಬಿದ ಕೂಡಲೇ ನಿಲ್ಲಿಸಿದ್ದಳು, ಅವಳ ತಪ್ಪೇನೂ ಇಲ್ಲ.

ಮಧ್ಯಾಹ್ನ ಬಂದು ನೋಡಿದರೆ ಆರೂ ಮೀನು ಮೇಲೆ ತೇಲುತ್ತಿದ್ದವು. ನೀರಿನಿಂದ ಆಸ್ಪತ್ರೆ ವಾಸನೆ. ಏನಾಗಿದೆಯೆಂದು ತಕ್ಷಣ ಗೊತ್ತಾಯಿತು. ಆದರೂ ಯಾರನ್ನಾದರೂ ಬೈಯಬೇಕಿತ್ತು. ನೀರಗಂಟಿಗೆ ಫೋನು ಮಾಡಿದೆ. ಅವರು ಸಿಟ್ಟಾಗದೆ, "ನೀವೇ ಅಲ್ವರಾ ಮೇಡಂ, ಜಾಸ್ತಿ ಆಕಿ ಅಂದಿದ್ದು?" ಎಂದರು.

ಸಂಜೆ ಯಜಮಾನರು ಕೆಲಸದಿಂದ ಬಂದಾಗ ನಾನೇ ಹೇಳಿದೆ. ಬೈಯಲಿಲ್ಲ. ಕರಿಬೇವಿನ ಬುಡದಲ್ಲಿ ಗುಂಡಿ ತೆಗೆದು ಮುಚ್ಚಿ, ಕೈ ತೊಳೆದು, ಊಟಕ್ಕೆ ಕೂತರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಪಂಪಿನ ಸ್ವಿಚ್ಚನ್ನು ಯಾವಾಗ ಆರಿಸಿದರೋ ಗೊತ್ತಿಲ್ಲ. ಬ್ಯಾರನ್ ಕೆಲಸ ಜೋರಾಗಿತ್ತು, ಬೆಳಗ್ಗೆ ಹೋದರೆ ಕತ್ತಲಾದ ಮೇಲೇ ಬರುತ್ತಿದ್ದರು. ನನಗೂ ಆ ಕಡೆ ನೋಡಲು ಮನಸ್ಸಿರಲಿಲ್ಲ. ಒಗೆಯುವಾಗ ಕೊಳಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದೆ.

ಹೀಗೆ ಹದಿನೈದು ದಿನವಾಗಿರಬೇಕು. ಡೆಂಗಿ ಕಾಲ, ಲಾರ್ವಾ ಸಮೀಕ್ಷೆಗೆ ಹೆಲ್ತ್ ಇನ್ಸ್‌ಪೆಕ್ಟರ್ ಬಂದರು. ನಾನು ಪಟ್ಟಿ ಹಿಡಿದು ಜೊತೆಗೆ ನಡೆದೆ. ಎದುರುಮನೆಯ ಅಕ್ಕನ ಡ್ರಮ್ಮಿನಲ್ಲಿ ಸೊಳ್ಳೆ ಹುಳ ಸಿಕ್ಕಿತು. ಬರೆದುಕೊಂಡೆ.

"ನಮ್ಮನೇದು ಬರ್ಕೊಂಡ್ಯಲ್ಲ. ನಿಮ್ಮನೇಗೂ ಕರ್ಕೊಂಡೋಗವ್ವ ಅವ್ರ್ನ," ಎಂದರು ಅಕ್ಕ.

ಕರೆದುಕೊಂಡು ಹೋದೆ. ಇನ್ಸ್‌ಪೆಕ್ಟರ್ ಬಿಳಿ ಮಗ್ಗಿನಲ್ಲಿ ಕೊಳದ ನೀರು ಮೊಗೆದರು. ಟಾರ್ಚು ಬಿಡುವುದೂ ಬೇಕಾಗಲಿಲ್ಲ. ಮಗ್ಗಿನ ತುಂಬ ಹುಳ ಕುಣಿಯುತ್ತಿದ್ದವು. ಅಷ್ಟು ಹುಳವನ್ನು ನಾನು ಆ ವರ್ಷ ಊರಿನ ಯಾವ ತೊಟ್ಟಿಯಲ್ಲೂ ಕಂಡಿರಲಿಲ್ಲ.

ಇನ್ಸ್‌ಪೆಕ್ಟರ್ ತಗ್ಗಿದ ದನಿಯಲ್ಲಿ, "ನಿಮ್ಮ ಮನೆ ಬಿಟ್ಟುಬಿಡಿ, ಇವತ್ತೇ ಖಾಲಿ ಮಾಡಿಸಿ," ಎಂದರು. ಒಳ್ಳೆಯದಕ್ಕೇ ಹೇಳಿದರು. ಆದರೆ ಅಕ್ಕ ನಮ್ಮ ಹಿಂದೆಯೇ ಬಂದು ಬೇಲಿಯಾಚೆ ನಿಂತು ನೋಡುತ್ತಿದ್ದರು. ಅವರ ಮನೆ ನಂಬರಿನ ಕೆಳಗೆ ನಮ್ಮದನ್ನೂ ಬರೆದು, ಮುಂದೆ 'ಲಾರ್ವಾ ಇದೆ' ಎಂದು ಹಾಕಿದೆ. ಮುಖ ಬೆಂಕಿಯಾಗಿತ್ತು. ನಾಚಿಕೆಯೋ ಸಿಟ್ಟೋ ಗೊತ್ತಾಗಲಿಲ್ಲ. ಮಾರನೆಯ ದಿನ ಹಾಲಿನ ಡೇರಿಯ ಮುಂದೆ ಹೆಂಗಸರು ನನ್ನ ಕಂಡು ಮಾತು ನಿಲ್ಲಿಸಿದರು, ಆಮೇಲೆ ನಕ್ಕರು. ನಾನೂ ನಗಬೇಕಾಯಿತು.

ರಾತ್ರಿ ಊಟದ ಹೊತ್ತಿಗೆ ಯಜಮಾನರೇ ಮಾತು ತೆಗೆದರು. "ಮಣ್ಣು ತುಂಬ್ಸಿ ದಂಟಿನ ಸೊಪ್ಪು ಹಾಕ್ಬುಡಾನ, ಬುಡು. ನಿಂಗ್ಯಾಕೆ ಊರವ್ರ ಮಾತು."

"ಬ್ಯಾಡ," ಎಂದೆ. ಕೊಳ ಬೇಕೆಂದು ನಾನು ಹೇಳಿದ್ದು ಅದೇ ಮೊದಲು. ಅವರು ತುತ್ತು ಹಿಡಿದುಕೊಂಡೇ ನನ್ನ ಮುಖ ನೋಡಿದರು.

ಕೊಳ ಖಾಲಿ ಮಾಡುವ ಬದಲು ಮೀನು ಬಿಡುತ್ತೇನೆಂದಾಗ ಇನ್ಸ್‌ಪೆಕ್ಟರ್ ಹೇಳಿ ಕಳಿಸಿ, ಆಸ್ಪತ್ರೆಯ ತೊಟ್ಟಿಯಿಂದ ಹುಳ ತಿನ್ನುವ ಗಪ್ಪಿ ಮೀನು ಕೊಡಿಸಿದರು. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡವು. ಬಿಟ್ಟ ಮೂರನೆಯ ದಿನ ಮಗ್ಗಿನಲ್ಲಿ ಮೊಗೆದರೆ ಒಂದೂ ಹುಳವಿರಲಿಲ್ಲ. ಬಾಟಲಿಯಲ್ಲಿ ಒಂದಷ್ಟನ್ನು ಅಕ್ಕನ ಡ್ರಮ್ಮಿಗೂ ಕೊಟ್ಟೆ. "ಇವು ನೋಡೋ ಮೀನೋ, ತಿನ್ನೋ ಮೀನೋ?" ಎಂದು ಕೇಳಿಯೇ ತೆಗೆದುಕೊಂಡರು.

ಗೌರಿ ಹಬ್ಬ ಕಳೆದ ಮೇಲೆ ನಾವಿಬ್ಬರೂ ಕೊಪ್ಪಕ್ಕೆ ಹೋಗಿ ಐದು ಕೋಯಿ ತಂದೆವು. ಈಗ ನಲ್ಲಿ ನೀರನ್ನು ನೇರವಾಗಿ ಬಿಡುವುದಿಲ್ಲ. ಬ್ಲೀಚಿಂಗ್ ಹೋಗಲೆಂದು ಬೇರೊಂದು ಡ್ರಮ್ಮಿನಲ್ಲಿ ಎರಡು ದಿನ ಬಿಸಿಲಿಗೆ ಬಿಟ್ಟು, ಆಮೇಲೆ ಬಿಂದಿಗೆಯಲ್ಲಿ ಹೊಯ್ಯುತ್ತೇವೆ. ಡ್ರಮ್ಮಿಗೆ ಮುಚ್ಚಳ ಇಲ್ಲ, ಸೊಳ್ಳೆಪರದೆಯ ಬಟ್ಟೆ ಕಟ್ಟಿದ್ದೇನೆ. ಒಂದು ಕೋಯಿಯನ್ನು ಮಿಂಚುಳ್ಳಿ ಕಚ್ಚಿಕೊಂಡು ಹೋಯಿತು. ಅಂದಿನಿಂದ ಕೊಳದ ಮೇಲೆ ಬಲೆ ಇದೆ. ಉಳಿದ ನಾಲ್ಕು ಮೊಳದುದ್ದಕ್ಕೆ ಬೆಳೆದಿವೆ. ಗಪ್ಪಿ ಮರಿಗಳನ್ನು ಅವು ನುಂಗುತ್ತವೆ, ಆದರೂ ಬಾಂಡ್ಲಿಯ ಮರೆಯಲ್ಲಿ ಸಾಕಷ್ಟು ಉಳಿಯುತ್ತವೆ. ಈ ಮಳೆಗಾಲದಲ್ಲಿ ಹನ್ನೊಂದು ಮನೆಗೆ ಬಾಟಲಿ ತುಂಬಿ ಕೊಟ್ಟೆ. ಭಾನುವಾರ ಯಜಮಾನರು ಒಗೆಯುವ ಕಲ್ಲಿನ ಮೇಲೆ ಕೂತು ಮಂಡಕ್ಕಿ ಎಸೆಯುತ್ತಾರೆ. ನಾನು ಬಟ್ಟೆ ಒಗೆಯಬೇಕೆಂದರೆ ಅವರನ್ನು ಎಬ್ಬಿಸಬೇಕು.